ಊಟದ ಕೋಣೆಯ ಬೆಂಚು

ಹಳೆಯ ಕಾಲದ ದಾದಿಯರಲ್ಲಿ ಒಗ್ಗಟ್ಟಿತ್ತು, ಈಗಿನವರಲ್ಲಿ ಇಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಒಂದು ಆಸ್ಪತ್ರೆಯ ದಾದಿಯರ ಮೇಲ್ವಿಚಾರಕಿಯಾಗಿದ್ದ ಶಿಷ್ಯೆಯೂ ನಂಬಿದ್ದಳು. ಆದ್ದರಿಂದ ಅವಳು ಗುರುವನ್ನು ಕೇಳಿದ್ದು ತಿಳಿಯಲೆಂದಲ್ಲ, ಹೌದೆನ್ನಿಸಿಕೊಳ್ಳಲೆಂದು.

'ಗುರುಗಳೇ, ಈಗಿನ ಹುಡುಗಿಯರಿಗೆ ಕೆಲಸದಲ್ಲಿ ತೃಪ್ತಿಯಿಲ್ಲ. ಬರೀ ತಕರಾರು. ಅಂಥ ಒಬ್ಬಳನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ನಾಳೆ ನಾನು ಹೇಳಬೇಕು. ನಮ್ಮ ಗುಣ ಇವರಿಗೇಕೆ ಬರಲಿಲ್ಲ?'

ಗುರು ಒಂದು ಕತೆ ಹೇಳಿದರು.

ಒಂದೂರಿನ ಆಸ್ಪತ್ರೆಯಲ್ಲಿ ಒಬ್ಬಳು ಹಿರಿಯ ದಾದಿಯಿದ್ದಳು. ಅವಳಿಗೆ ಇಬ್ಬರು ಗೆಳತಿಯರು. ಮೂವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಊಟದ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಕೂತು, ಡಬ್ಬಿ ಬಿಚ್ಚಿ, ಒಬ್ಬಳ ಪಲ್ಯವನ್ನು ಇನ್ನೊಬ್ಬಳಿಗೆ ಬಡಿಸಿ ಉಣ್ಣುತ್ತಿದ್ದರು. ಉಂಡ ಮೇಲೆ ಒಬ್ಬಳು ಅದೇ ಬೆಂಚಿನ ಮೇಲೆ ಕಾಲು ಚಾಚಿ ಮಲಗುವಳು. ಉಳಿದಿಬ್ಬರು ಅವಳ ರೋಗಿಗಳನ್ನೂ ನೋಡಿಕೊಳ್ಳುವರು. ಯಾರು ಕೇಳಿದರೂ ತಮಗೆ ಈ ಕೆಲಸ ತೃಪ್ತಿ ಕೊಟ್ಟಿದೆ ಎನ್ನುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.

ಕಿರಿಯ ದಾದಿಯರು ಆ ಬೆಂಚಿನ ಕಡೆ ಸುಳಿಯುತ್ತಿರಲಿಲ್ಲ. ಪಾಳಿ ಮುಗಿದೊಡನೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ಹಿರಿಯಳಿಗೆ ಅದೇ ಸಂಕಟ.

ಒಂದು ದಿನ ಕಿರಿಯಳೊಬ್ಬಳು ಬಂದು, ಮಕ್ಕಳ ವಾರ್ಡಿನ ರಾತ್ರಿ ಪಾಳಿಗೆ ಒಬ್ಬಳು ಸಾಲುವುದಿಲ್ಲ, ಇಬ್ಬರು ಬೇಕು ಎಂದಳು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗುವುದೂ ಬಿಡುವುದೂ ಹಿರಿಯಳ ಮಾತಿನಲ್ಲಿತ್ತು. ಆದರೂ ಉಳಿದ ಕಿರಿಯರೆಲ್ಲ ಅವಳ ಹಿಂದೆ ಬಂದು ನಿಂತರು.

'ಗುಂಪು ಕಟ್ಕೊಂಡು ಬಂದಿದ್ದೀರಾ?' ಎಂದಳು ಹಿರಿಯಳು. 'ಒಗ್ಗಟ್ಟು ಅಂದ್ರೇನು ಅಂತಾನೇ ಗೊತ್ತಿಲ್ಲ ನಿಮಗೆ. ಅದೇ ವಾರ್ಡಲ್ಲಿ ನಾವು ಒಬ್ಬೊಬ್ಬರೇ ರಾತ್ರಿ ಕಳೆದಿದ್ದೀವಿ. ಒಬ್ಬಳೂ ಬಾಯಿ ತೆಗೆದಿಲ್ಲ.'

'ನಿಮ್ಮ ಜೊತೆಯವರು ಯಾರೂನಾ, ಸಿಸ್ಟರ್?'

'ಯಾರೂ ಇಲ್ಲ. ಬೇಕಾದ್ರೆ ಮಧ್ಯಾಹ್ನ ಬೆಂಚಿನ ಹತ್ತಿರ ಬಂದು ಕೇಳು.'

'ಮಲಗಿರೋರನ್ನ ಎಬ್ಬಿಸಬೇಕಾಗುತ್ತಲ್ಲ, ಸಿಸ್ಟರ್.'

ಹಿಂದೆ ನಿಂತವರು ನಕ್ಕರು. ಹಿರಿಯಳು ನಗಲಿಲ್ಲ. ಈ ಹುಡುಗಿಗೆ ಹೊಂದಿಕೊಂಡು ಹೋಗುವ ಗುಣವಿಲ್ಲ ಎಂದು ಮೇಲಿನವರಿಗೆ ಹೇಳಿದಳು. ಹುಡುಗಿಯ ಕೆಲಸ ಹೋಯಿತು.

ಮಕ್ಕಳ ವಾರ್ಡಿಗೆ ಇನ್ನೊಬ್ಬಳನ್ನು ಹಾಕಿದರು, ಒಬ್ಬಳನ್ನೇ. ಅವಳು ಬಾಯಿ ತೆಗೆಯಲಿಲ್ಲ. ಸ್ವಲ್ಪ ಕಾಲದ ಮೇಲೆ ತನ್ನ ಡಬ್ಬಿ ಹಿಡಿದು ಊಟದ ಕೋಣೆಗೆ ಬಂದಳು. 'ಬಾಮ್ಮ, ಕೂತ್ಕೋ, ಬೇಕಾದಷ್ಟು ಜಾಗ ಇದೆ,' ಎಂದು ಹಿರಿಯಳು ಅವಳ ತಟ್ಟೆಗೆ ಪಲ್ಯ ಬಡಿಸಿದಳು. ಹೊಸಬರಲ್ಲೂ ಒಳ್ಳೆಯವರಿದ್ದಾರೆ ಎಂದು ಅವಳಿಗೆ ಸಮಾಧಾನವಾಯಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆಗೂ ಸಮಾಧಾನವಾಗಿತ್ತು. 'ಹಾಗಾದರೆ ಹಿರಿಯಳು ಹೇಳಿದ್ದು ಸರಿಯೇ. ಅವಳ ಜೊತೆಯವರೆಲ್ಲ ತೃಪ್ತಿಯಿಂದಲೇ ಇದ್ದರಲ್ಲ.'

'ಅವರು ಸೇರಿದ ವರ್ಷ,' ಎಂದರು ಗುರು, 'ಆ ಬೆಂಚಿನಲ್ಲಿ ಜಾಗ ಸಾಲದೆ ಅವಳ ಜೊತೆಯವರಲ್ಲಿ ಅರ್ಧ ಜನ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಕೊನೆಗೆ ಉಳಿದವರು ಆ ಮೂವರೇ.'