ಎರಡನೆಯ ಸಲ ಹೊತ್ತಿದ ದೀಪ

"ಗುರುಗಳೇ, ಒಮ್ಮೆ ಸುಮ್ಮನೆ ಗಾಬರಿ ಹುಟ್ಟಿಸಿದವರ ಮಾತನ್ನು ಮತ್ತೆ ಕೇಳಬೇಕೆ?"

ಕೇಳಿದವನು ಶಿಷ್ಯ ಮುರಿಗೆಪ್ಪ. ಮಠದ ವಿದ್ಯಾರ್ಥಿನಿಲಯದ ಉಸ್ತುವಾರಿ ಅವನದು. ಅಡುಗೆಯ ನೀಲವ್ವ ಹೋದ ವರ್ಷ ಬಾವಿಯ ನೀರು ವಾಸನೆ ಹೊಡೆಯುತ್ತಿದೆ ಎಂದಿದ್ದಳು. ನೀರನ್ನು ಪರೀಕ್ಷೆಗೆ ಕಳಿಸಿದರು. ನೀರಿನಲ್ಲಿ ದೋಷವಿರಲಿಲ್ಲ. ವಾಸನೆ ನೀರು ತುಂಬಿಡುವ ಹೊಸ ಡ್ರಮ್ಮಿನದು. ನಿನ್ನೆಯಿಂದ ಆಕೆ ಮತ್ತೆ ಅದೇ ಮಾತು ಹೇಳುತ್ತಿದ್ದಳು.

"ಆಕೆಯನ್ನು ಹೂದೋಟದ ಕೆಲಸಕ್ಕೆ ಹಾಕಿ, ಅಡುಗೆಗೆ ಬೇರೆಯವರನ್ನು ತರಬೇಕೆಂದಿದ್ದೇನೆ" ಎಂದ ಮುರಿಗೆಪ್ಪ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಅವನಿಗೊಂದು ಹಳೆಯ ಕಾರು ಇತ್ತು. ವಾರಕ್ಕೆ ಮೂರು ದಿನ ಒಬ್ಬ ಮೇಷ್ಟರನ್ನು ಡಯಾಲಿಸಿಸ್‌ಗೆಂದು ಅರವತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹೊತ್ತು ತಪ್ಪುವಂತಿರಲಿಲ್ಲ.

ಒಂದು ದಿನ ಸ್ಟಿಯರಿಂಗಿನ ಮುಂದೆ ಎಣ್ಣೆಯ ಕೆಂಪು ದೀಪ ಹೊತ್ತಿತು. ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಇಳಿದರೆ ಹೊತ್ತುವ ದೀಪ ಅದು. ಹೊತ್ತಿಸುವುದು ಎಂಜಿನ್ನಿಗೆ ಕೂರಿಸಿದ ಹೆಬ್ಬೆರಳಿನ ಗಾತ್ರದ ಒಂದು ಸ್ವಿಚ್ಚು. ಚಾಲಕ ಕೂಡಲೇ ಕಾರು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿದ. ಅವನು ಸ್ವಿಚ್ಚನ್ನು ಬಿಚ್ಚಿ, ಆ ತೂತಿಗೆ ಗೇಜು ಹಾಕಿ ಒತ್ತಡ ಅಳೆದ. ಒತ್ತಡ ಸರಿಯಾಗಿತ್ತು. ಕೆಟ್ಟಿದ್ದು ಸ್ವಿಚ್ಚು. ಹೊಸದನ್ನು ಹಾಕಿದ ಮೇಲೆ ದೀಪ ಆರಿತು.

ಎಂಟು ತಿಂಗಳ ನಂತರ ದೀಪ ಮತ್ತೆ ಹೊತ್ತಿತು. ಚಾಲಕ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಎಣ್ಣೆ ಗುರುತಿನವರೆಗೂ ಇತ್ತು. ಮೆಕ್ಯಾನಿಕ್‌ನ ಬಳಿ ಹೋದ.

"ಅದೇ ಹಳೇ ರೋಗ ಕಣಣ್ಣ. ಒಂದು ಸ್ವಿಚ್ ಕೊಡು, ನಾನೇ ಹಾಕ್ಕೋತೀನಿ."

"ಇರಪ್ಪ, ಗೇಜು ಹಾಕಿ ನೋಡೋಣ. ನಿನಗಿಂತ ಮುಂಚೆ ಎರಡು ಗಾಡಿ ಬಂದಿವೆ."

"ಮೇಷ್ಟ್ರು ಕಾಯ್ತಾ ಕೂತಿದ್ದಾರೆ. ನನ್ನ ಗಾಡಿ ನನಗೆ ಗೊತ್ತಿಲ್ವಾ?"

"ಒಂದು ಸಲ ಪಕ್ಕದಲ್ಲಿ ನಿಂತು ನೋಡಿ ನೀನೂ ಮೆಕ್ಯಾನಿಕ್ ಆಗ್ಬಿಟ್ಟೆ. ತಗೋ."

ಚಾಲಕ ಹೊಸ ಸ್ವಿಚ್ಚು ಹಾಕಿದ. ದೀಪ ಆರಲಿಲ್ಲ. ಡೂಪ್ಲಿಕೇಟ್ ಮಾಲು ಎಂದು ಬೈದುಕೊಂಡು ಬೇರೆ ಅಂಗಡಿಯಿಂದ ಇನ್ನೊಂದು ತಂದು ಹಾಕಿದ. ಅದಕ್ಕೂ ಆರಲಿಲ್ಲ. ಈಗಿನ ಮಾಲೆಲ್ಲ ಹೀಗೇ ಎಂದುಕೊಂಡು ಸ್ವಿಚ್ಚಿನ ವೈರನ್ನೇ ಕಿತ್ತ.

ದೀಪ ಆರಿತು.

"ಸರಿಹೋಯ್ತೇನಪ್ಪಾ?" ಎಂದು ಹಿಂದಿನ ಸೀಟಿನಿಂದ ಮೇಷ್ಟರು ಕೇಳಿದರು.

"ಸರಿ ಮಾಡ್ದೆ, ಸಾರ್."

ಅದರ ಮುಂದಿನ ಸರದಿಯಲ್ಲಿ, ಆಸ್ಪತ್ರೆಗೆ ಇನ್ನೂ ಇಪ್ಪತ್ತು ಕಿಲೋಮೀಟರು ಇರುವಾಗ, ಎಂಜಿನ್ ಬಡಿಯತೊಡಗಿ ನಿಂತಿತು. ಮತ್ತೆ ಚಾಲೂ ಆಗಲಿಲ್ಲ. ಮೇಷ್ಟರನ್ನು ಒಂದು ಟೊಮೆಟೊ ಟೆಂಪೋದಲ್ಲಿ ಕೂರಿಸಿ ಕಳಿಸಬೇಕಾಯಿತು. ಅವರು ತಲುಪುವಷ್ಟರಲ್ಲಿ ಅವರ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಮರುದಿನದವರೆಗೆ ಏದುಸಿರು ಬಿಡುತ್ತ ಕಾದರು. ಬದುಕಿಕೊಂಡರು. ಆದರೆ ಆ ಚಾಲಕನನ್ನು ಮತ್ತೆ ಕರೆಯಲಿಲ್ಲ.

ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ತಳದಲ್ಲಿ ಎಣ್ಣೆಯನ್ನು ಹೀರುವ ಜಾಲರಿ ಮಡ್ಡಿಯಿಂದ ಮುಚ್ಚಿಹೋಗಿತ್ತು. ಎಣ್ಣೆ ಇತ್ತು, ಮೇಲೇರುತ್ತಿರಲಿಲ್ಲ. ಚಾಲಕ ಬಿಚ್ಚಿಟ್ಟಿದ್ದ ಎರಡು ಸ್ವಿಚ್ಚುಗಳನ್ನೂ ಎಂಜಿನ್ನಿನಲ್ಲಿದ್ದ ಮೂರನೆಯದನ್ನೂ ಪರೀಕ್ಷಿಸಿದ. ಮೂರೂ ಸರಿಯಾಗಿದ್ದವು.

"ಹೋದ ಸಲ ಸ್ವಿಚ್ಚೇ ತಾನೇ ಕೆಟ್ಟಿದ್ದು?" ಎಂದ ಚಾಲಕ.

"ಹೌದು. ಹೋದ ಸಲ ಅದನ್ನ ಹೇಳಿದ್ದು ಗೇಜು. ಈ ಸಲ ಹೇಳಿದ್ದು ನೀನು."

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ತಲೆ ತಗ್ಗಿಸಿದ.

"ತಿಳಿಯಿತು. ಇವತ್ತೇ ನೀಲವ್ವನ ಹತ್ತಿರ ಕ್ಷಮೆ ಕೇಳುತ್ತೇನೆ."

"ಕ್ಷಮೆ ಸಂಜೆಗೆ ಕೇಳಿದರೂ ಆದೀತು; ನಿನ್ನೆಯಿಂದ ಮಕ್ಕಳು ಯಾವ ನೀರು ಕುಡಿಯುತ್ತಿದ್ದಾರೆ?"