ದೊರೆ ಹಿಡಿದ ತುಂಬಿದ ಕೊಡ

ಬಸುರಿ ಹೆಂಗಸಿನ ತಲೆ ಮೇಲೆ ತುಂಬಿದ ಕೊಡ ಹೊರಿಸಿ ಮುನ್ನೂರು ಮೆಟ್ಟಿಲು ಹತ್ತಿಸಿದ್ರು. ಅದು ತಪ್ಪು. ಮಾಡಿದೋನು ದೊರೆ ಆದ್ರೂ ತಪ್ಪೇ. ಕತೆ ಅಂದ ತಕ್ಷಣ ಕಣ್ಣು ಮುಚ್ಕೋತೀಯಲ್ಲ ಚಂದ್ರಿ, ಇದನ್ನ ಕೇಳಿ ಆಮೇಲೆ ಮುಚ್ಕೋ.

ಒಂದಾನೊಂದು ಕಾಲ ಅಂತಾರೆ, ಆ ಕಾಲ ಮುಗಿದುಹೋಯ್ತು ಅಂತ ಮಾತ್ರ ನಾನು ಹೇಳಲ್ಲ. ಬೆಟ್ಟದ ಮೇಲೆ ಒಂದು ಕೋಟೆ, ಬುಡದಲ್ಲಿ ಊರು. ಕೋಟೆಯೊಳಗೇ ತಿಳಿನೀರಿನ ಕೊಳ ಇತ್ತಂತೆ, ಆದ್ರೆ ಅದು ದೊರೆ ಸಾಕಿದ ಹಂಸಗಳಿಗಂತೆ. ಅರಮನೆಯೋರು ಕುಡಿಯೋಕೆ, ಮೀಯೋಕೆ, ಪಾತ್ರೆ ತೊಳೆಯೋಕೆ ಊರ ಹೆಂಗಸರು ಸರದಿ ಮೇಲೆ ಕೆಳಗಿನ ಕೆರೆಯಿಂದ ನೀರು ಹೊರಬೇಕಿತ್ತಂತೆ. ಬಸುರಿ ಅನ್ನೋಹಾಗಿಲ್ಲ, ಬಾಣಂತಿ ಅನ್ನೋಹಾಗಿಲ್ಲ, ಒಬ್ಬರ ಬದಲಿಗೆ ಇನ್ನೊಬ್ಬರು ಹೋಗೋಹಾಗಿಲ್ಲ.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳು, ಅವಳ ತಂಗಿ ಕೆಂಚವ್ವ. ಹೋದ ವರ್ಷ ಕೆಂಚವ್ವ ನೂರನೇ ಮೆಟ್ಟಿಲಲ್ಲಿ ಜಾರಿ ಬಿದ್ದು ಹೊಟ್ಟೇಲಿದ್ದ ಕೂಸು ಕಳ್ಕೊಂಡಿದ್ಲಂತೆ. ಈಗ ಮತ್ತೆ ಏಳು ತಿಂಗಳು. ಇನ್ನು ಒಂಬತ್ತು ದಿನಕ್ಕೆ ಅವಳ ಸರದಿ. ಮಾಳವ್ವ ತಂಗಿಗೆ, ನೀನು ಕೊಡ ಮುಟ್ಟಬೇಡ, ನಾನು ಆಸ್ಥಾನಕ್ಕೆ ಹೋಗಿ ಮಾತಾಡ್ತೀನಿ ಅಂದ್ಲಂತೆ. ನಿನ್ನ ಮಾತು ಕೇಳೋಕೆ ದೊರೆ ಏನು ನಿನ್ನ ಅಳಿಯನಾ ಅಂದ್ಲಂತೆ ಕೆಂಚವ್ವ.

ಆ ಆಸ್ಥಾನದಲ್ಲಿ ಒಂದು ಪದ್ಧತಿ. ಅಹವಾಲು ಹೇಳೋರು ಏನಾದ್ರೂ ಕಾಣಿಕೆ ಕೊಡಬೇಕು, ದೊರೆ ಅದನ್ನ ಎರಡು ಕೈಯಲ್ಲಿ ಹಿಡ್ಕೊಂಡು ಅವರ ಮಾತು ಮುಗಿಯೋವರೆಗೂ ಕೆಳಗಿಡಬಾರದು. ಎಲ್ಲರೂ ನಿಂಬೆಹಣ್ಣು ಕೊಡ್ತಿದ್ರಂತೆ, ಹಗುರ ನೋಡು.

ಬರೀ ಬಾಯಿಮಾತು ಸಾಲದು, ಕಣ್ಣಿಗೆ ತೋರಿಸು ಅಂದ್ರಂತೆ ಊರೋರು. ಸರಿ, ಮಾಳವ್ವ ಚಿತ್ರಗಾರನ ಕೈಲಿ ದೊಡ್ಡ ಬಟ್ಟೆ ಮೇಲೆ ಮೆಟ್ಟಿಲು, ಒಡೆದ ಕೊಡ, ರಕ್ತದಲ್ಲಿ ಬಿದ್ದ ತಂಗಿ ಎಲ್ಲ ಬರೆಸಿ, ನಿಂಬೆಹಣ್ಣು ಕೊಟ್ಟು, ಬಟ್ಟೆ ಬಿಡಿಸಿ ಹಿಡಿದು ಮಾತಾಡಿದ್ಲಂತೆ. ದೊರೆ ಹಣ್ಣು ಮೂಸ್ತಾ ನೋಡಿ, ಈ ಕೆಂಪು ಬಣ್ಣ ಯಾವ ಗಿಡದ್ದು, ನಮ್ಮ ಊಟದ ಮನೆ ಗೋಡೆಗೆ ಚೆನ್ನಾಗಿರ್ತದೆ ಅಂದನಂತೆ. ಬಟ್ಟೆ ಗೋಡೆಗೆ ಹೋಯ್ತು, ಮಾಳವ್ವ ಮನೆಗೆ ಬಂದ್ಲು. ನನ್ನ ತಂಗಿ ರಕ್ತ ನೋಡ್ಕೊಂಡು ಉಣ್ತಾರಂತೆ ಅಂದ್ಲು.

ಆಮೇಲೆ, ಆಡಿ ತೋರಿಸೋಣ ಅಂತ ಎಂಟು ಹೆಂಗಸರನ್ನ ಕಟ್ಕೊಂಡು ಹೋದ್ಲಂತೆ. ಒಬ್ಬಳು ಮಸಿಯ ಮೀಸೆ ಬರ್ಕೊಂಡು ಕಾವಲುಗಾರ ಆದ್ಲು, ಕೆಂಚವ್ವನ ಪಾತ್ರ ಕೆಂಚವ್ವನೇ ಆಡಿದ್ಲು. ಮೀಸೆ ನೋಡಿ ಆಸ್ಥಾನ ನಕ್ಕಿತು. ಕೆಂಚವ್ವ ಬಿದ್ದಾಗ ಚಪ್ಪಾಳೆ. ಮಂತ್ರಿ, ಆ ಬೀಳೋದನ್ನ ಇನ್ನೊಂದ್ಸಲ ಮಾಡವ್ವ, ರಾಣಿಯೋರು ಈಗ ಬಂದ್ರು ಅಂದನಂತೆ.

ಮತ್ತೆ ಬಿದ್ಲಾ ಅಜ್ಜಿ?

ಇಲ್ಲ. ಮಾಳವ್ವ ರಟ್ಟೆ ಹಿಡಿದು ಎಬ್ಬಿಸ್ಕೊಂಡು ಬಂದ್ಲು. ಹಿಂದಿಂದ ಒಂದೊಂದು ರವಿಕೆ ಬಟ್ಟೆ ಬಹುಮಾನ ಕಳಿಸಿದ್ರಂತೆ. ಹೆಂಗಸರು ಅದನ್ನ ಒಲೆಗೆ ಹಾಕಿದ್ರು.

ಬೆಳಗಾದ್ರೆ ಕೆಂಚವ್ವನ ಸರದಿ ಅನ್ನೋ ದಿನ ಮಾಳವ್ವ ಚಿತ್ರ ಬಿಟ್ಲು, ಆಟ ಬಿಟ್ಲು, ಕೆರೆ ನೀರು ತುಂಬಿದ ಕೊಡ ಹೊತ್ಕೊಂಡು ಆಸ್ಥಾನಕ್ಕೆ ಹೋದ್ಲಂತೆ. ನಿಂಬೆಹಣ್ಣೆಲ್ಲಿ ಅಂದ ಮಂತ್ರಿ. ಇದೇ ಕಾಣಿಕೆ, ದಿನಾ ಕೊಡೋದೇ ಅಲ್ವಾ ಅಂದ್ಲು. ಪದ್ಧತಿ ಮುರಿಯೋಕಾಗದೆ ದೊರೆ ಕೊಡ ಹಿಡ್ಕೊಂಡ. ಮಾಳವ್ವ ಮಾತು ಶುರುಮಾಡಿದ್ಲು. ಇದು ಮೊದಲನೇ ಮೆಟ್ಟಿಲು, ಪಾಚಿ ಇದೆ, ಹುಷಾರು ದೊರೆ. ಇದು ಎರಡನೇದು, ಅಂಚು ಒಡೆದಿದೆ. ಇದು ಮೂರನೇದು.

ಇಪ್ಪತ್ತಕ್ಕೆ ದೊರೆ ತೋಳು ನಡುಗ್ತಂತೆ. ಬೇಗ ಹೇಳಮ್ಮ ಅಂದ. ಬೇಗ ಹತ್ತಿದ್ರೆ ಜಾರ್ತದೆ ಅಂದ್ಲು. ನಾನು ಹಿಡೀಲಾ ಅಂತ ಮಂತ್ರಿ ಮುಂದೆ ಬಂದ. ನಮ್ಮಲ್ಲಿ ಬದಲಿ ಇಲ್ಲ ಸ್ವಾಮಿ ಅಂದ್ಲು. ಐವತ್ತಕ್ಕೆ ನೀರು ತುಳುಕಿ ದೊರೆ ಮಡಿಲು ನೆಂದು, ಸಾಕು ಸಾಕು ಅಂದನಂತೆ. ನನ್ನ ತಂಗಿ ಬಿದ್ದದ್ದು ನೂರನೇದ್ರಲ್ಲಿ, ಅದಿನ್ನೂ ಬಂದಿಲ್ಲ ಅಂದ್ಲು.

ಏನು ಬೇಕು ಹೇಳು ಅಂದ. ಹಂಸದ ಕೊಳದ ನೀರು ನೀವೇ ಮೊಗೆದು ಕುಡೀರಿ, ಇನ್ನು ಯಾವ ಹೆಂಗಸೂ ಆ ಮೆಟ್ಟಿಲು ಹತ್ತಲ್ಲ ಅಂದ್ಲು. ಆಯ್ತು ಅಂದ. ನನಗೆ ಹೇಳಿದ್ರೆ ಸಾಲದು, ಡಂಗುರ ಹೊಡೆಸಿ ಅಂದು, ಇದು ಐವತ್ತೊಂದನೇ ಮೆಟ್ಟಿಲು ಅಂತ ಎಣಿಕೆ ಮುಂದುವರಿಸಿದ್ಲು. ಕೆಳಗಿನ ಊರಲ್ಲಿ ತಮಟೆ ಸದ್ದು ಕೇಳಿದ ಮೇಲೇ ಅವಳು ಮಾತು ಮುಗಿಸಿದ್ದಂತೆ.

ದೊರೆ ಮನಸ್ಸು ಕರಗ್ತು ಅಂತ ತಿಳ್ಕೋಬೇಡ. ತೋಳು ನೋಯ್ತು, ಅಷ್ಟೇ. ಎರಡು ತಿಂಗಳಿಗೆ ಕೆಂಚವ್ವ ಹೆಣ್ಣು ಕೂಸು ಹೆತ್ತಳು, ಅದರ ಅಳು ಊರಿಗೆಲ್ಲ ಕೇಳ್ತಿತ್ತಂತೆ, ಎಲ್ಲರೂ ಸುಖವಾಗಿದ್ರಂತೆ. ಕತೆ ಇಷ್ಟೇ.

ಚಂದ್ರಿ ನಿದ್ದೆ ಹೋದ್ಲು. ಬಾಗಿಲಿಗೆ ಒರಗಿ ಕೇಳ್ತಿದ್ದ ದೊಡ್ಡೋರು ನೀವು ಮಲಗಬೇಡಿ. ನಿಮ್ಮ ನಲ್ಲೀಲಿ ಹೊಲಸು ನೀರು ಬರ್ತಿದ್ರೆ ನಾಳೆ ಅರ್ಜಿ ಹಿಡ್ಕೊಂಡು ಹೋಗಬೇಡಿ, ಆ ನೀರನ್ನೇ ಲೋಟಕ್ಕೆ ಹುಯ್ದು ನೀರಿನ ಕಚೇರಿ ಸಾಹೇಬರ ಕೈಗೆ ಕೊಡಿ. ಒಂದೋ ಅವರು ಕುಡೀಬೇಕು, ಇಲ್ಲ ಸರಿಮಾಡಬೇಕು. ಅಲ್ಲೀವರೆಗೆ ಮಾತು ನಿಲ್ಲಿಸಬೇಡಿ.