ಬಯಕೆಯ ಹುಂಜ

"ಬುದ್ಧಿ, ಬೆಟ್ಟದ ಮೇಲೆ ಕೂತು ಕರೆದೆ. ಹೊಳೆಯ ದಂಡೆಯಲ್ಲಿ ಕರೆದೆ. ಸಂತೆಯ ನಡುವೆ ನಿಂತೂ ಕರೆದೆ. ಯಾವ ನೆಲದಲ್ಲಿ ಕರೆದರೆ ದೇವರು ಓಗೊಡುತ್ತಾನೆ?" ಎಂದು ಶಿಷ್ಯ ಕೇಳಿದ. ಹಾಸಿಗೆ ಹಿಡಿದ ಅಕ್ಕನಿಗೆ ದೇವರ ಕೃಪೆಯನ್ನು ತಂದೇ ತರುತ್ತೇನೆಂದು ಮನೆ ಬಿಟ್ಟವನು ಅವನು. ಬಿಟ್ಟು ವರ್ಷಗಳೇ ಆಗಿದ್ದವು.

"ನೆಲದ ಮಾತೆತ್ತಿದೆಯಲ್ಲ, ಹಾಗಾದರೆ ಒಬ್ಬ ಬೇಟೆಗಾರನ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬೇಟೆಗಾರನಿದ್ದ. ಅವನ ಹೆಂಡತಿ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಆರು ತಿಂಗಳು ತುಂಬಿದಾಗ ಅವಳಿಗೆ ಕಾಡುಕೋಳಿಯ ಸಾರಿನ ಬಯಕೆಯಾಯಿತು. ಬಯಕೆ ತೀರದಿದ್ದರೆ ಬಸಿರು ಉಳಿಯದು ಎಂದರು ನೆರೆಯ ಮುದುಕಿಯರು. ಅನ್ನುವುದಕ್ಕೇನು, ನಾಲಗೆಗೆ ಮೂಳೆಯಿಲ್ಲ. ಆದರೆ ಎರಡು ಸಲ ಮಣ್ಣು ಮಾಡಿ ಬಂದವನಿಗೆ ಆ ಮಾತು ಎದೆಯಲ್ಲೇ ನಾಟಿಕೊಂಡಿತು.

ಅದು ಚೈತ್ರ, ಹುಂಜಗಳು ಜೋಡಿ ಹುಡುಕುವ ಕಾಲ. ಎಲೆಯೊಂದನ್ನು ತುಟಿಗಿಟ್ಟು ಹೇಂಟೆಯ ಹಾಗೆ ಕೂಗಿದರೆ ಸಾಕು, ಹುಂಜ ತಾನಾಗಿ ಬಾಣದೆದುರು ಬಂದು ನಿಲ್ಲುತ್ತದೆ. ಆ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

"ಹೋದ ಸಲ ಕೋಳಿ ತರುತ್ತೇನೆಂದು ಹೋಗಿ ಅಣಬೆ ತಂದಿದ್ದೆ. ಈ ಸಲವೂ ಅದೇ ತಾನೆ?" ಎಂದು ಹೆಂಡತಿ ಅಣಕಿಸಿದಳು.

"ಹುಂಜ ಸಿಗದೆ ಈ ಹೊಸ್ತಿಲು ತುಳಿದರೆ ಕೇಳು" ಎಂದು ಅವನು ಹೊರಟ.

ಮೊದಲು ಕುರುಚಲು ಗುಡ್ಡ ಹತ್ತಿದ. ಕೂಗಿದೊಡನೆ ಹುಂಜವೊಂದು ಓಗೊಟ್ಟಿತು. ಆದರೆ ಬೋಳು ಬಂಡೆಗಳ ನಡುವೆ ಅವಿತುಕೊಳ್ಳಲು ಮರೆಯಿಲ್ಲ. ಅದು ದೂರದಿಂದಲೇ ಅವನನ್ನು ಕಂಡು ಹಾರಿಹೋಯಿತು. ನೆಲ ಸರಿಯಿಲ್ಲ ಎಂದುಕೊಂಡು ಹೊಳೆಯ ದಂಡೆಯ ಬಿದಿರು ಮೆಳೆಗೆ ಇಳಿದ. ಅಲ್ಲಿ ಮರೆಗೇನೂ ಕೊರತೆಯಿಲ್ಲ. ಆದರೆ ಕಾಲಿಟ್ಟಲ್ಲೆಲ್ಲ ತರಗೆಲೆ ಚಾಡಿ ಹೇಳಿತು. ಈ ನೆಲವೂ ಸರಿಯಿಲ್ಲ ಎಂದು ಕಾಡಂಚಿನ ಹೊಲಗಳಿಗೆ ಬಂದ. ಅಲ್ಲಿ ಕೋಳಿ ಕೆದರಿದ ಗುರುತಿತ್ತು, ಕೋಳಿ ಇರಲಿಲ್ಲ. ಹೊಲ ಕಾಯುವ ನಾಯಿ ಮಾತ್ರ ಇತ್ತು.

ಅಲ್ಲಿಂದ ಮನೆ ಕೂಗಳತೆಯ ದೂರ. ಒಮ್ಮೆ ಇಣುಕಿ ಬರಬಹುದಿತ್ತು. ಆದರೆ ಬಯಕೆಯ ಹೆಂಗಸಿನೆದುರು ಗಂಡನಾದವನು ಬರಿಗೈಯಲ್ಲಿ ನಿಲ್ಲುವುದುಂಟೆ? ಅವನು ಮತ್ತೆ ಕಾಡಿನ ಕಡೆಗೇ ತಿರುಗಿದ. ಹೀಗೇ ದಿನಗಳು ಹೋದವು.

ಕಡೆಗೊಂದು ಬೆಳಿಗ್ಗೆ ಪೊದೆ ತುಂಬಿದ ತಗ್ಗಿನಲ್ಲಿ ಕೂತು ಕೂಗಿದ. ಎದುರಿನ ಪೊದೆಯಿಂದ ಹುಂಜ ಓಗೊಟ್ಟಿತು. ಇವನು ಮತ್ತೆ ಕೂಗಿದ, ಅದು ಮತ್ತೆ ಓಗೊಟ್ಟಿತು. ಅವನ ಕಣ್ಣು ತುಂಬಿ ಬಂತು. ಮಗು ಉಳಿಯಿತು ಎಂದುಕೊಂಡ. ಬಾಣ ಹೂಡಿ, ತೆವಳಿ ತೆವಳಿ ಹೋಗಿ ಎಲೆ ಸರಿಸಿದ.

ಅಲ್ಲಿ ಹೆಂಡತಿಯ ತಮ್ಮ ಬಾಣ ಹೂಡಿ ಕೂತಿದ್ದ.

"ಅಯ್ಯೋ ಭಾವ, ನೀನಾ ಹೇಂಟೆ!" ಎಂದ ಅವನು. ನಗಲು ಹೋದವನಿಗೆ ನಗು ಬರಲಿಲ್ಲ. "ಅಕ್ಕನಿಗೆ ನಿನ್ನೆಯಿಂದ ನೋವು. ನಿನ್ನ ಸುಳಿವಿಲ್ಲ. ನಾನಾದರೂ ಒಂದು ಕೋಳಿ ತರೋಣವೆಂದು ಬಂದೆ, ಹೇಂಟೆಯ ಕೂಗು ಕೇಳಿ ಹುಂಜದ ಹಾಗೆ ಓಗೊಟ್ಟೆ. ನೀನು ಮನೆಗೆ ನಡೆ."

"ಬರಿಗೈಯಲ್ಲಿ ಹೇಗೆ ಹೋಗಲಿ? ನೀನು ನಡೆ, ನಾನು ತರುತ್ತೇನೆ."

"ಅವಳ ಬೆನ್ನಿಗೆ ಬಿದ್ದ ತಮ್ಮ ನಾನು. ನಾನು ಬರಿಗೈಯಲ್ಲಿ ಹೋಗಲೆ?"

ಇಬ್ಬರೂ ಅವಳಿಗಾಗಿ ಪ್ರಾಣ ಕೊಡುವಂಥವರೇ. ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಗುಡ್ಡದ ಕಡೆ ನಡೆದ, ಇನ್ನೊಬ್ಬ ಹೊಳೆಯ ಕಡೆ ನಡೆದ. ಹೊತ್ತು ಮುಳುಗುವವರೆಗೂ ಎರಡು ಕಡೆಯಿಂದಲೂ ಹೇಂಟೆಯ ಕೂಗು ಕೇಳುತ್ತಲೇ ಇತ್ತು. ಯಾವ ಹುಂಜವೂ ಓಗೊಡಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಬುದ್ಧಿ, ಆ ಹೆಂಗಸು ಏನಾದಳು?" ಎಂದ.

"ಹೇಳುವುದಕ್ಕೆ ಅವಳ ಹತ್ತಿರ ಯಾರಿದ್ದರಪ್ಪ?" ಎಂದರು ಗುರುಗಳು.